ಕೋಪ ನಿಯಂತ್ರಣ ಕಾರ್ಯಕ್ರಮ: ಗುಂಪಿನ ತರಬೇತಿಯೋ, ವೈಯಕ್ತಿಕ ಚಿಕಿತ್ಸೆಯೋ?

ಹಲ್ಲೆ ಮಾಡಿ ಶಿಕ್ಷೆಗೊಳಗಾದವರನ್ನು ಯಾವ ಕಾರ್ಯಕ್ರಮಕ್ಕೆ ಸೇರಿಸಬೇಕೆಂದು ನಿರ್ಧರಿಸುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿರುತ್ತವೆ.

ಅಮೆರಿಕದ ಮನಶ್ಶಾಸ್ತ್ರಜ್ಞ ರೇಮಂಡ್ ನೊವಾಕೊ 1970ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯಲ್ಲಿ ವ್ಯಕ್ತಿಯು ಮೊದಲು ತನ್ನ ಕೋಪ ಏಳುವ ಬಗೆಯನ್ನು ಅರಿತು, ಅದನ್ನು ತಗ್ಗಿಸುವ ಕೌಶಲಗಳನ್ನು ಕಲಿತು, ಬಳಿಕ ಕೆರಳಿಸುವ ಸನ್ನಿವೇಶಗಳನ್ನು ಸೌಮ್ಯವಾದವುಗಳಿಂದ ಆರಂಭಿಸಿ ಹಂತಹಂತವಾಗಿ ಎದುರಿಸುತ್ತಾನೆ. ಇದನ್ನು ಗುಂಪಿನಲ್ಲೂ ನಡೆಸಬಹುದಾದರೂ, ಮಾನಸಿಕ ಆಘಾತ ಅಥವಾ ಕಾಯಿಲೆಯ ಹಿನ್ನೆಲೆಯುಳ್ಳವರಿಗೆ ವೈಯಕ್ತಿಕ ರೂಪವೇ ಒಪ್ಪುತ್ತದೆ. ವೆಚ್ಚ ಮಾತ್ರ ಹೆಚ್ಚು.

ಅಮೆರಿಕದವರೇ ಆದ ಮನಶ್ಶಾಸ್ತ್ರಜ್ಞ ಅರ್ನಾಲ್ಡ್ ಗೋಲ್ಡ್‌ಸ್ಟೈನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಹದಿಹರೆಯದವರಿಗಾಗಿ ಸಿದ್ಧಪಡಿಸಿದ ಗುಂಪು ತರಬೇತಿಯು 10 ವಾರ, ವಾರಕ್ಕೆ 3 ತರಗತಿಗಳಂತೆ ನಡೆಯುತ್ತದೆ. ಕೋಪ ನಿಯಂತ್ರಣದೊಂದಿಗೆ ಸಾಮಾಜಿಕ ಕೌಶಲವನ್ನೂ ನೈತಿಕ ವಿವೇಚನೆಯನ್ನೂ ಕಲಿಸುತ್ತದೆ. ಇಂತಹ ಗುಂಪಿನಲ್ಲಿ ಸರದಿ ಸಾಲಿನಲ್ಲಿ ಭುಜ ತಾಗಿದ ಪ್ರಸಂಗವನ್ನು ಇಬ್ಬರು ಅಭಿನಯಿಸಿದರೆ, ‘ಬೇಕೆಂದೇ ತಳ್ಳಿದ’ ಎಂದುಕೊಂಡ ಆ ಕ್ಷಣದಲ್ಲೇ ತಡೆದು, ‘ಕಾಲು ಜಾರಿರಬಹುದಲ್ಲವೇ’ ಎಂದು ಜೊತೆಗಾರನೇ ಕೇಳುತ್ತಾನೆ. ಅದೇ ಮಾತು ಚಿಕಿತ್ಸಕರಿಂದ ಬಂದರೆ ಉಪದೇಶವೆನಿಸೀತು. ಆದರೆ ಮಾರ್ಗದರ್ಶಕರು ಸಡಿಲಬಿಟ್ಟರೆ ಗುಂಪು ತಮ್ಮ ಪುಂಡಾಟವನ್ನು ಕೊಚ್ಚಿಕೊಳ್ಳುವ ಜಾಗವಾಗುತ್ತದೆ. ದುಡುಕು ಸ್ವಭಾವದ ಕಿರಿಯರಿಗೆ ನಾನಾದರೆ ಇದನ್ನೇ ಆರಿಸುತ್ತೇನೆ.

ಕೋಪವಿಲ್ಲದೆ, ಲಾಭಕ್ಕಾಗಿ ಹೊಂಚುಹಾಕಿ ಹಲ್ಲೆ ಮಾಡಿದವನಿಗೆ ಎರಡರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಹೆಂಡತಿಯನ್ನು ಹೊಡೆಯುವವನ ವಿಷಯವೂ ಬೇರೆಯೇ: ಮೇಲಧಿಕಾರಿಯ ಎದುರು ಕೋಪ ನುಂಗಬಲ್ಲವನು ಮನೆಯಲ್ಲಷ್ಟೇ ಕೈಯೆತ್ತುತ್ತಾನೆಂದರೆ ಅದು ಹಿಡಿತ ಸಾಧಿಸುವ ಪ್ರಶ್ನೆ. ಅಮೆರಿಕದ ಡುಲುತ್ ನಗರದಲ್ಲಿ 1980ರ ದಶಕದ ಆರಂಭದಲ್ಲಿ ರೂಪುಗೊಂಡ, ಇಂಥವರಿಗೆಂದೇ ಇರುವ ಕಾರ್ಯಕ್ರಮದ ಮಾದರಿಯು ಈ ನೆಲೆಯಿಂದಲೇ ಹೊರಡುತ್ತದೆ.