ಪ್ರಸಂಗಪೀಠವಿಲ್ಲದ ಸಭೆ: ಹೋಗಿ ನೋಡಿ, ಆದರೆ ಎರಡು ಪ್ರಶ್ನೆ ಕೇಳಿ

ಪಾಸ್ಟರ್ ಇಲ್ಲ, ಪ್ರಸಂಗಪೀಠವಿಲ್ಲ, ಮುದ್ರಿತ ಆರಾಧನಾ ಕ್ರಮವೂ ಇಲ್ಲ. ಹಾಡು, ಪ್ರಾರ್ಥನೆ, ಸಾಕ್ಷಿ, ವಚನ, ಯಾರ ಬಳಿ ಏನಿದೆಯೋ ಅದನ್ನು ತರಬಹುದು ಎನ್ನುವ ಮನೆಸಭೆಯೊಂದಕ್ಕೆ ಕೆಲವು ತಿಂಗಳುಗಳಿಂದ ಹೋಗುತ್ತಿದ್ದೇನೆ. ಸೇರಲು ಯೋಚಿಸುತ್ತಿರುವವರಿಗಾಗಿ ಈ ವಿಮರ್ಶೆ. ಸಭೆಯ ಹೆಸರು ಬೇಡ. ಇಂಥ ಕೂಟಗಳ ಗುಣದೋಷಗಳು ಬಹುಪಾಲು ಎಲ್ಲೆಡೆ ಒಂದೇ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಕುರ್ಚಿಗಳು ವೃತ್ತದಲ್ಲಿರುವುದರಿಂದ ತೂಕಡಿಸಲು ಜಾಗವಿಲ್ಲ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದ ಒಬ್ಬರು ಮೂರೇ ವಾಕ್ಯಗಳಲ್ಲಿ ಪ್ರಾರ್ಥಿಸಿದರು. ಅಷ್ಟು ಚಿಕ್ಕದಾಗಿ, ಅಷ್ಟು ನಿಜವಾಗಿ ಪ್ರಾರ್ಥಿಸುವುದನ್ನು ಪೀಠದಿಂದ ನಾನು ಅಪರೂಪವಾಗಿ ಕೇಳಿದ್ದೇನೆ.

ಇನ್ನು ದೂರು. ಬಣ್ಣದ ರಿಬ್ಬನ್‌ಗಳು ಇಳಿಬಿದ್ದ ದೊಡ್ಡ ಬೈಬಲ್ ಹಿಡಿದ ಸಹೋದರರೊಬ್ಬರು "ಒಂದೇ ಮಾತು" ಎಂದು ಎದ್ದರೆಂದರೆ ರೋಮಾಪುರದವರಿಗೆ ಬರೆದ ಪತ್ರಿಕೆಯ ಅರ್ಧ ಮುಗಿಯುವವರೆಗೂ ಕೂರುವುದಿಲ್ಲ. ಅವರ ಎದುರಿಗಿದ್ದ ಸಹೋದರಿ ಕೀರ್ತನೆಗಳ ಪುಟದಲ್ಲಿ ಹೆಬ್ಬೆರಳಿಟ್ಟು ಕಾಯುತ್ತಿದ್ದರು. ಒಮ್ಮೆ ಕುರ್ಚಿಯ ತುದಿಗೆ ಸರಿದರು, ಮತ್ತೆ ಹಿಂದಕ್ಕೆ ಒರಗಿದರು. ಕೊನೆಗೆ ಮನೆಯವರು ಸಮಯವಾಯಿತು ಎಂದಾಗ ಬೆರಳು ತೆಗೆದು ಬೈಬಲ್ ಮುಚ್ಚಿದರು. ಆಮೇಲೆ ಈ ವಿಷಯ ಎತ್ತಿದರೆ, "ಪವಿತ್ರಾತ್ಮನ ಪ್ರೇರಣೆಗೆ ಅಡ್ಡ ಬರಬಾರದಲ್ಲವೇ?" ಎಂಬ ಉತ್ತರ ಬಂತು. ಆ ಪ್ರೇರಣೆ ಸಹೋದರಿಗೂ ಆಗಿರಬಹುದಿತ್ತು ಎಂಬುದು ಯಾರಿಗೂ ಹೊಳೆಯಲಿಲ್ಲ.

ಇಂಥವರು ತಮ್ಮ ಆಧಾರವೆಂದು ತೋರಿಸುವುದು ಬೈಬಲಿನಲ್ಲಿ ಕೊರಿಂಥದವರಿಗೆ ಅಪೊಸ್ತಲ ಪೌಲನು ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯವನ್ನು. 26ನೆಯ ವಚನ ಎಲ್ಲರ ಬಾಯಲ್ಲಿದೆ: ಕೂಡಿಬಂದಾಗ ಪ್ರತಿಯೊಬ್ಬನ ಬಳಿಯೂ ಏನಾದರೊಂದು ಇರುತ್ತದೆ. ಅಲ್ಲಿಗೇ ಓದು ನಿಲ್ಲುತ್ತದೆ. ಪ್ರವಾದಿಗಳಲ್ಲಿ, ಅಂದರೆ ದೇವರ ಪ್ರೇರಣೆಯಿಂದ ಸಭೆಯಲ್ಲಿ ಮಾತನಾಡುವವರಲ್ಲಿ, ಇಬ್ಬರು ಮೂವರು ಮಾತನಾಡಲಿ, ಉಳಿದವರು ವಿವೇಚಿಸಲಿ ಎಂದು 29ನೆಯ ವಚನ ಹೇಳುತ್ತದೆ. ಕುಳಿತವನಿಗೆ ಏನಾದರೂ ಪ್ರಕಟವಾದರೆ ಮೊದಲು ಮಾತನಾಡುತ್ತಿದ್ದವನು ಸುಮ್ಮನಾಗಬೇಕು ಎನ್ನುವುದು ಮರುವಚನ. ಪ್ರವಾದಿಯ ಆತ್ಮ ಪ್ರವಾದಿಯ ಅಧೀನದಲ್ಲೇ ಇರುತ್ತದೆ ಎನ್ನುವ 32ನೆಯ ವಚನದ ಮುಂದೆ "ನನ್ನಿಂದ ನಿಲ್ಲಿಸಲಾಗಲಿಲ್ಲ" ಎಂಬ ನೆಪಕ್ಕೆ ಬೆಲೆಯಿಲ್ಲ. ಕ್ರಮ ಕಾಯುವ ಹೊಣೆಯನ್ನು ಪೌಲನು ಮೊದಲು ಹೊರಿಸುವುದು ಮಾತನಾಡುವವನ ಮೇಲೆಯೇ. (ಅದೇ ಅಧ್ಯಾಯದ 34ನೆಯ ವಚನವನ್ನು ಮಾತ್ರ ಎತ್ತಿ ಸ್ತ್ರೀಯರನ್ನು ಸುಮ್ಮನಿರಿಸುವವರು, ಅವರು ಪ್ರಾರ್ಥಿಸುವ, ಪ್ರವಾದಿಸುವ ಮಾತಿರುವ 11ನೆಯ ಅಧ್ಯಾಯದ 5ನೆಯ ವಚನವನ್ನು ಏನು ಮಾಡುತ್ತಾರೋ!)

ನನ್ನನ್ನು ಹೆಚ್ಚು ಕಾಡಿದ್ದು ಉದ್ದದ ಮಾತಲ್ಲ, ಆ ವಿವೇಚನೆಯ ಕೊರತೆ. ಕಾಯಿಲೆಯಲ್ಲಿದ್ದ ಒಬ್ಬರಿಗೆ, ಔಷಧ ತೆಗೆದುಕೊಳ್ಳುವುದು ವಿಶ್ವಾಸದ ಕೊರತೆ ಎಂದು ಯಾರೋ ಹೇಳಿಬಿಟ್ಟರು. ಎಂದಿನಂತೆ ಎಲ್ಲರೂ "ಆಮೆನ್" ಎಂದರು, ಮುಂದಿನ ಹಾಡು ಶುರುವಾಯಿತು. ಹಿರಿಯರೊಬ್ಬರು ಹಾಡು ನಿಲ್ಲಿಸಿ, "ಅದು ಈ ಸಭೆಯ ಮಾತಲ್ಲ, ಔಷಧ ಬಿಡಬೇಡಿ" ಎಂದರು. ಕೆಲವರ ಮುಖ ಸಪ್ಪಗಾಯಿತು. ನಾನಂತೂ ಮರುವಾರವೂ ಹೋಗಲು ಮನಸ್ಸು ಮಾಡಿದ್ದು ಅವರಿಂದಾಗಿ.

ಹಳೆಯ ಕೂಟಗಳು ಇದಕ್ಕೆ ದಾರಿ ಕಂಡುಕೊಂಡಿದ್ದವು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರರೆಂಬ ಕ್ರೈಸ್ತ ಪಂಗಡದ ಮೌನಾರಾಧನೆಯಲ್ಲಿ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ನಡುವೆ ಮೌನ ಇರಬೇಕೆಂಬ ರೂಢಿಯಿದೆ. ಹೇಳಿದ್ದು ಒಳಗೆ ಇಳಿಯಲು ಸಮಯ ಸಿಗುತ್ತದೆ. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಶುರುವಾದ, ಮೆಥೋಡಿಸ್ಟ್ ಎಂಬ ಕ್ರೈಸ್ತ ಪಂಥದವರ "ತರಗತಿ" ಎಂಬ ಸಣ್ಣ ಗುಂಪುಗಳಲ್ಲಿ ಸುಮಾರು ಹನ್ನೆರಡು ಜನರಿಗೆ ಒಬ್ಬ ನಾಯಕ. ಪ್ರತಿಯೊಬ್ಬರ ಆತ್ಮದ ಕ್ಷೇಮ ವಿಚಾರಿಸುವುದು ಅವನ ಕೆಲಸ. ಸಂಕೋಚದವರಿಗೂ ಸರದಿ ಬರುತ್ತಿತ್ತು.

ನಮ್ಮ ಸಭೆಯಲ್ಲಿ ಈಗ ಅಲ್ಪಸ್ವಲ್ಪ ಬದಲಾವಣೆಯಾಗಿದೆ. ಮಾತಿನ ನಂತರ ಒಂದಿಷ್ಟು ಮೌನವಿರುತ್ತದೆ, ಅನಂತರ "ಇದುವರೆಗೆ ಮಾತನಾಡದವರಲ್ಲಿ ಯಾರಿಗಾದರೂ ಏನಾದರೂ ಇದೆಯೇ?" ಎಂದು ಕೇಳುತ್ತಾರೆ. ಇಲ್ಲವೆಂದರೆ ಒತ್ತಾಯಿಸುವುದಿಲ್ಲ. ಆ ಸಹೋದರಿ ಈಗ ಕೀರ್ತನೆ ಓದುತ್ತಾರೆ, ವಿವರಣೆ ಕೊಡುವುದಿಲ್ಲ. ರಿಬ್ಬನ್ ಬೈಬಲ್‌ನವರು ಇನ್ನೂ ಉದ್ದಕ್ಕೆ ಎಳೆಯುತ್ತಾರೆ, ಆದರೆ ಹಿರಿಯರ ಕಡೆ ಒಮ್ಮೆ ನೋಡಿ ಕೂರುತ್ತಾರೆ.

ಹೊಸಬರು ಸೇರುವ ಮೊದಲು ಕೇಳಬೇಕಾದದ್ದು ಇಷ್ಟೇ: ಮಾತು ಉದ್ದವಾದರೆ ನಿಲ್ಲಿಸುವವರು ಯಾರು, ತಪ್ಪಾದರೆ ತಿದ್ದುವವರು ಯಾರು? ಹೆಸರು ಹೇಳಿ ಉತ್ತರಿಸಿದರೆ ಧೈರ್ಯವಾಗಿ ಹೋಗಿ.

ನಾನು ಮುದ್ರಿತ ಕ್ರಮದ ಚರ್ಚನ್ನೂ ಬಿಟ್ಟಿಲ್ಲ. ಮನೆಸಭೆಯ ಪ್ರಾರ್ಥನೆಗಳು ಹೆಚ್ಚಾಗಿ ಕುಳಿತಿರುವವರ ಕೆಲಸ, ಕಾಯಿಲೆ, ಮಕ್ಕಳ ಸುತ್ತಲೇ ತಿರುಗುತ್ತವೆ. ಸೆರೆಯಲ್ಲಿರುವವರಿಗಾಗಿ, ಆಳುವವರಿಗಾಗಿ, ನಾನು ಎಂದೂ ಕಾಣದವರಿಗಾಗಿ ನನ್ನಿಂದ ಪ್ರಾರ್ಥನೆ ಮಾಡಿಸುವುದು ಆ ಚರ್ಚಿನ ಹಳೆಯ ಆರಾಧನಾ ಪುಸ್ತಕವೇ.