ಫೀನಿಕ್ಸ್‌ನಲ್ಲಿ ಜಕರಾಂಡಾ ಎಲೆ ಸುಟ್ಟರೆ ಗೊಬ್ಬರದ ಚೀಲ ಬಿಚ್ಚಬೇಡಿ

ಬೆಂಗಳೂರಿನ ನೇರಳೆ ಹೂವಿನ ಆಸೆಗೆ ಅಮೆರಿಕದ ಮರುಭೂಮಿ ಊರಾದ ಅರಿಜೋನಾದ ಫೀನಿಕ್ಸ್‌ನಲ್ಲಿ ಜಕರಾಂಡಾ ನೆಟ್ಟವರು ದಯವಿಟ್ಟು ಓದಿ. ಅಲ್ಲಿ ಸಸಿ ಸಾಯುವ ಪರಿ ಹೆಚ್ಚುಕಮ್ಮಿ ಒಂದೇ. ಏಪ್ರಿಲ್‌ನಲ್ಲಿ ನೆಟ್ಟದ್ದು ಜೂನ್ ಹೊತ್ತಿಗೆ ಎಲೆತುದಿ ಕಂದಾಗಿ ಮುರುಟುತ್ತದೆ. ಗೊಬ್ಬರ ಸಾಲದು ಅಂದುಕೊಂಡು ಬುಡಕ್ಕೆ ಎರಡು ಹಿಡಿ ಯೂರಿಯಾ ಬೀಳುತ್ತದೆ, ಡ್ರಿಪ್ ದಿನಾ ಹತ್ತು ನಿಮಿಷ ಓಡುತ್ತದೆ. ಆಮೇಲೆ ಎಲೆಯೆಲ್ಲ ಉದುರಿ ಬರಿ ಕಡ್ಡಿ ನಿಲ್ಲುತ್ತದೆ.

ತುದಿ ಸುಟ್ಟದ್ದು ಹಸಿವಿನಿಂದಲ್ಲ, ಉಪ್ಪಿನಿಂದ. ಡ್ರಿಪ್ಪರ್ ಸುತ್ತ ಮಣ್ಣು ನೋಡಿ: ಬಿಳಿ ಹಕ್ಕಳೆ ಕಟ್ಟಿರುತ್ತದೆ. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ ಹತ್ತು ನಿಮಿಷಕ್ಕೆ ಕೊಡುವುದು ಮುಕ್ಕಾಲು ಲೀಟರ್‌ಗಿಂತ ಕಮ್ಮಿ. ಅದು ಮೇಲಿನ ಒಂದು ಗೇಣು ಮಣ್ಣನ್ನೂ ದಾಟುವುದಿಲ್ಲ. ಅಲ್ಲಿನ ನಲ್ಲಿ ನೀರು ಗಡಸು. ನೀರು ಆವಿಯಾಗುತ್ತದೆ, ಉಪ್ಪು ಬೇರಿನ ಪಕ್ಕದಲ್ಲೇ ಕೂರುತ್ತದೆ. ಯೂರಿಯಾವೂ ಉಪ್ಪಿನಂತೆಯೇ ಬೇರಿನಿಂದ ನೀರು ಎಳೆಯುತ್ತದೆ. ಕ್ಷಾರ ಮಣ್ಣಿನಲ್ಲಿ ಅದು ಅಮೋನಿಯಾ ಆಗಿ ಎಳೆ ಬೇರನ್ನು ಸುಡುವುದು ಬೇರೆ.

ನೀರು ಅಪರೂಪಕ್ಕೆ ಬರಲಿ, ಆದರೆ ಉಪ್ಪು ಬೇರಿನಿಂದ ಕೆಳಗೆ ತೊಳೆದುಹೋಗುವಂತೆ ಮೂರು ಅಡಿ ಇಳಿಯಲಿ. ಅರ್ಧ ಇಂಚು ದಪ್ಪದ ಕಬ್ಬಿಣದ ಸರಳು ಚುಚ್ಚಿ ನೋಡಿ, ಒದ್ದೆ ಇರುವವರೆಗೆ ಸಲೀಸಾಗಿ ಇಳಿದು ಒಣಮಣ್ಣಲ್ಲಿ ಗಕ್ಕನೆ ನಿಲ್ಲುತ್ತದೆ. ಪ್ರತಿ ಸಲ ಒಂದೇ ಆಳಕ್ಕೆ ಟಣ್ ಅಂತ ತಾಗಿದರೆ ಅದು ಕ್ಯಾಲಿಚೆ, ನಮ್ಮ ಸುಣ್ಣಕಲ್ಲಿನ ಪದರದಂಥದ್ದು. ನೆಡುವ ಮುಂಚೆಯೇ ಗುಂಡಿ ತುಂಬ ನೀರು ಹಾಕಿ. ಮರುದಿನವೂ ನಿಂತಿದ್ದರೆ ಆ ಪದರವನ್ನು ತೂತು ಮಾಡದೆ ನೆಡಬೇಡಿ, ಬೇರು ಕೊಳೆಯುತ್ತದೆ. ಬೇರೂರಿದ ಜಕರಾಂಡಾಕ್ಕೆ ಬೇಸಿಗೆಯಲ್ಲಿ 7ರಿಂದ 10 ದಿನಕ್ಕೊಮ್ಮೆ, ಚಳಿಗಾಲದಲ್ಲಿ 14ರಿಂದ 30 ದಿನಕ್ಕೊಮ್ಮೆ ಸಾಕು. ಹೊಸ ಸಸಿಗೆ ಮೊದಲ ಬೇಸಿಗೆ ಎರಡು-ಮೂರು ದಿನಕ್ಕೊಮ್ಮೆ ಬೇಕು. ಮರ ಬೆಳೆದಂತೆ ಡ್ರಿಪ್ಪರ್‌ಗಳನ್ನು ಕಾಂಡದಿಂದ ಹೊರಗೆ, ಕೊಂಬೆ ಚಾಚಿದ ಅಂಚಿಗೆ ಸರಿಸುತ್ತಾ ಹೋಗಿ. ಹೆಚ್ಚಿನವರು ಮರೆಯುವುದು ಇದನ್ನೇ.

ಎಲೆಯ ನರ ಹಸಿರಿದ್ದು ನಡುವೆ ಹಳದಿಯಾದರೆ ಆ ಮಾತು ಬೇರೆ, ಅದು ಕಬ್ಬಿಣದ ಕೊರತೆ. ಮಣ್ಣಿನ ಪಿಹೆಚ್ (ಹುಳಿ-ಕ್ಷಾರದ ಅಳತೆ) 8ರ ಮೇಲಿರುವಾಗ ಅಂಗಡಿಯ ಕಬ್ಬಿಣದ ಗೊಬ್ಬರಗಳಲ್ಲಿ ಇಡಿಟಿಎ (EDTA) ಬಗೆಯದು ದಂಡ. ಇಡಿಡಿಹೆಚ್‌ಎ (EDDHA) ಅಂತ ಬರೆದಿರುವುದನ್ನೇ ಕೊಳ್ಳಿ.

ಮೊದಲ ವರ್ಷ ಗೊಬ್ಬರವೇ ಬೇಡ. ಆಮೇಲೂ ಮಾರ್ಚ್‌ನಲ್ಲಿ ಚಿಗುರು ಕಂಡ ಮೇಲೆ ಅಮೋನಿಯಂ ಸಲ್ಫೇಟ್, ಕಾಂಡದ ಒಂದು ಇಂಚು ದಪ್ಪಕ್ಕೆ ಹೆಚ್ಚೆಂದರೆ 200 ಗ್ರಾಂ, ಅದೂ ಎರಡು ಕಂತಿನಲ್ಲಿ. ಹಿಂದಿನ ದಿನ ನೀರು, ಹಾಕಿದ ಕೂಡಲೇ ಮತ್ತೆ ನೀರು. ಆಗಸ್ಟ್ ಆದಮೇಲೆ ಹಾಕಿದರೆ ಎಳೆ ಚಿಗುರು ಚಳಿಗಾಲದ ಹಿಮಕ್ಕೆ ಕರಕಲಾಗುತ್ತದೆ. ಪಾಲೋ ವರ್ಡೆಯಂಥ ಅಲ್ಲಿನದೇ ಮರಗಳಿಗೆ ಗೊಬ್ಬರ ಬೇಡವೇ ಬೇಡ.

ಯೂರಿಯಾ ಹಾಕಿಬಿಟ್ಟಿದ್ದರೆ ಕಾಳುಗಳ ಜೊತೆ ಮೇಲ್ಮಣ್ಣನ್ನೂ ಕೆರೆದು ತೆಗೆಯಿರಿ, ಪೈಪನ್ನು ಸಣ್ಣಗೆ ಬಿಟ್ಟು ಸರಳು ಮೂರು ಅಡಿ ಇಳಿಯುವವರೆಗೆ ನೀರುಣಿಸಿ. ನೀರು ಸರಾಗವಾಗಿ ಇಂಗುತ್ತಿದ್ದರೆ ಮೂರು-ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ಉಗುರಿನಿಂದ ತೊಗಟೆ ಗೀರಿ ನೋಡಿ: ಒಳಗೆ ಹಸಿರಿದ್ದರೆ ಜೀವವಿದೆ, ಸೆಪ್ಟೆಂಬರ್‌ವರೆಗೂ ಕಡಿಯಬೇಡಿ.