ತಂತಿ ಕಡಿಯುವ ಸ್ಟ್ರಾಟ್‌ಗೆ ಕಪ್ಪು ಸ್ಯಾಡಲ್

ಗ್ರಾಫ್ ಟೆಕ್ ಕಂಪನಿಯ ಸ್ಟ್ರಿಂಗ್ ಸೇವರ್ ಸ್ಯಾಡಲ್‌ಗಳನ್ನು ನನ್ನ ಎಲೆಕ್ಟ್ರಿಕ್ ಗಿಟಾರ್, ಅಂದರೆ ಫೆಂಡರ್ ಕಂಪನಿಯ ಅಗ್ಗದ ಬ್ರ್ಯಾಂಡ್ ಆದ ಸ್ಕ್ವಯರ್ ಸ್ಟ್ರಾಟ್‌ಗೆ ಹಾಕಿಕೊಂಡು ಒಂದು ಮದುವೆ ಸೀಸನ್ ಪೂರ್ತಿ ಬಾರಿಸಿದ್ದೇನೆ. ಗಿಟಾರಿನ ಮೈ ಮೇಲೆ ತಂತಿಗಳನ್ನು ಹಿಡಿದಿರುವ ಭಾಗ ಬ್ರಿಡ್ಜ್, ಅದರ ಮೇಲೆ ಒಂದೊಂದು ತಂತಿ ಕೂರುವ ಸಣ್ಣ ತುಂಡೇ ಸ್ಯಾಡಲ್. ತಂತಿ ಉಳಿಯುತ್ತದೆ, ಅದಂತೂ ನಿಜ. ಸೌಂಡ್ ಬದಲಾಗುತ್ತೆ ಅನ್ನೋ ಆಸೆಗೆ ಕೊಳ್ಳುವವರು ಮಾತ್ರ ದುಡ್ಡು ಜೇಬಲ್ಲೇ ಇಟ್ಟುಕೊಳ್ಳಿ.

ನಾನು ಮಂಡ್ಯದವನು. ವಾರವೆಲ್ಲ ಬೇರೆ ಕೆಲಸ, ಶನಿವಾರ ಭಾನುವಾರ ಆರ್ಕೆಸ್ಟ್ರಾ. ರಿಸೆಪ್ಷನ್, ಗಣೇಶನ ಪೆಂಡಾಲ್, ಊರಹಬ್ಬ, ಯಾವುದಾದರೂ ಸರಿ. ನನ್ನ ಕೈ ಬೆವರುವುದು ಜಾಸ್ತಿ. ಏಪ್ರಿಲ್ ತಿಂಗಳಲ್ಲಿ ಮದ್ದೂರು ಕಡೆ ಶಾಮಿಯಾನದ ಕೆಳಗೆ, ಫೋಕಸ್ ಲೈಟ್ ಎದುರು ನಿಂತರೆ ಬ್ರಿಡ್ಜ್ ಮೇಲೆಲ್ಲ ನೀರು. 1954ರಲ್ಲಿ ಫೆಂಡರ್ ಮೊದಲ ಸ್ಟ್ರಾಟ್ ತಂದಾಗ ಬಂದಿದ್ದು ಬಗ್ಗಿಸಿದ ಉಕ್ಕಿನ ತಗಡಿನ ಸ್ಯಾಡಲ್. ನನ್ನದರಲ್ಲೂ ಅದೇ ಮಾದರಿ ಇತ್ತು. ಮೇಲಿನ ಲೇಪ ಸವೆದು ತುಕ್ಕು ಬಂತು, ತಂತಿ ಕೂರುವ ಜಾಗದಲ್ಲಿ ಚೂಪಾದ ಗೀರು ಬಿತ್ತು. ಮೊದಲನೇ ತಂತಿ, ಅಂದರೆ ಎಲ್ಲಕ್ಕಿಂತ ತೆಳುವಾದದ್ದು, ಪ್ರತಿ ಸಲವೂ ಅಲ್ಲೇ ಪಟ್ ಅನ್ನೋದು. ಅದೂ ಲೀಡ್ ಬಿಟ್ ಬರೋ ಹೊತ್ತಿಗೇ!

ತಂತಿ ಎಲ್ಲಿ ಕಡಿಯುತ್ತದೆ ಅಂತ ಮೊದಲು ನೋಡಿ. ತಂತಿ ಬಿಗಿಯುವ ಬಿರಡೆ ಹತ್ತಿರವೋ, ಕುತ್ತಿಗೆಯ ತುದಿಯಲ್ಲಿ ತಂತಿ ಹಾಯುವ ಪಟ್ಟಿ, ಅಂದರೆ ನಟ್ ಹತ್ತಿರವೋ ಕಡಿಯುತ್ತಿದ್ದರೆ ಸ್ಯಾಡಲ್ ಬದಲಿಸಿ ಏನೂ ಉಪಯೋಗವಿಲ್ಲ. ಸ್ಯಾಡಲ್ ಮೇಲೇ ಕಡಿದರೂ, 1000 ನಂಬರಿನ ಉಪ್ಪುಕಾಗದದಲ್ಲಿ ಆ ಗೀರನ್ನು ಮೆಲ್ಲಗೆ ಉಜ್ಜಿದರೆ ಎಷ್ಟೋ ಗಿಟಾರ್ ಸರಿಹೋಗುತ್ತವೆ. ನನ್ನದು ಆ ಹಂತ ದಾಟಿತ್ತು. ಸ್ಯಾಡಲ್ ಎತ್ತರ ಹೊಂದಿಸುವ ಸ್ಕ್ರೂಗಳು ತುಕ್ಕಿಗೆ ಅಂಟಿಕೊಂಡು, ಅಲೆನ್ ಕೀ ಹಾಕಿದರೆ ತಿರುಗುತ್ತಲೇ ಇರಲಿಲ್ಲ. ಮೈಸೂರಿನ ಒಂದು ಅಂಗಡಿಯಲ್ಲಿ ಕೇಳಿದೆ. "ಬ್ರಿಡ್ಜ್ ಪೂರ್ತಿ ಬದಲಾಯಿಸಿಬಿಡಿ ಸರ್" ಅಂದರು. ಬಿಡಿ ಸ್ಯಾಡಲ್ ಅಲ್ಲಿರಲಿಲ್ಲ. ಆನ್‌ಲೈನ್‌ನಲ್ಲಿ ತರಿಸಿದೆ.

ತರಿಸುವ ಮುಂಚೆ ಸ್ಕೇಲ್ ಹಿಡಿದು ಅಳೆಯಿರಿ. ಬ್ರಿಡ್ಜ್ ಹತ್ತಿರ ಮೊದಲನೇ ತಂತಿಯ ನಡುವಿನಿಂದ ಆರನೇ ತಂತಿಯ ನಡುವಿನವರೆಗೆ. ನನ್ನದು 52.5 ಮಿ.ಮೀ. ಹಳೇ ಫೆಂಡರ್ ಅಳತೆಯಲ್ಲಿ ಅದು 56ರ ಹತ್ತಿರ ಇರುತ್ತದೆ. ಸ್ಯಾಡಲ್ ಅಗಲವೂ ಅದಕ್ಕೆ ತಕ್ಕಂತೆ ಬೇರೆ. ಅಗಲದ್ದು ತರಿಸಿದರೆ ಆರೂ ಒಟ್ಟಿಗೆ ಕೂರುವುದೇ ಇಲ್ಲ. ಸ್ಕ್ವಯರ್‌ನಲ್ಲೇ ಎರಡೂ ಅಳತೆ ಬರುತ್ತವೆ, ಹಾಗಾಗಿ ಗಿಟಾರ್ ಮೇಲಿನ ಹೆಸರು ನೋಡಿ ಆರ್ಡರ್ ಹಾಕಬೇಡಿ.

ಗ್ರಾಫ್ ಟೆಕ್ ಕೆನಡಾದ ಕಂಪನಿ. ಈ ಸ್ಯಾಡಲ್ ಲೋಹದ್ದಲ್ಲ. ಟೆಫ್ಲಾನ್ ಬೆರೆಸಿ ಮಾಡಿದ ಗಟ್ಟಿ ಕಪ್ಪು ವಸ್ತು, ಮುಟ್ಟಿದರೆ ನುಣ್ಣಗೆ ಜಾರುತ್ತದೆ. ತಂತಿ ಉಜ್ಜಿಕೊಂಡು ಕಡಿಯುವುದು ಕಡಿಮೆಯಾಗುವುದು ಇದರಿಂದಲೇ. ಸ್ಯಾಡಲ್ ಸ್ವತಃ ತುಕ್ಕು ಹಿಡಿಯುವ ಪ್ರಶ್ನೆಯೂ ಇಲ್ಲ. ಬೆಲೆ ಮಾತ್ರ ಕಡಿಮೆಯಲ್ಲ, ಒಂದು ರಾತ್ರಿ ಬಾರಿಸಿದ ಪೇಮೆಂಟ್ ಅಲ್ಲಿಗೇ ಹೋಗುತ್ತದೆ.

ಲೋಹ ಅಲ್ಲದಿದ್ದರೆ ಅರ್ತಿಂಗ್ ಗತಿ ಏನು ಅಂತ ನಮ್ಮ ಸೌಂಡ್ ಹುಡುಗ ಕೇಳಿದ. ಒಳ್ಳೇ ಪ್ರಶ್ನೆ. ಹಳ್ಳಿ ಸ್ಟೇಜಿನಲ್ಲಿ ಜನರೇಟರ್ ಹಾಕಿದ್ದಾಗ ಗುಂಯ್ ಅನ್ನೋದು ಮೊದಲೇ ಇರುತ್ತೆ, ಇನ್ನಷ್ಟು ಯಾರಿಗೆ ಬೇಕು? ಸ್ಟ್ರಾಟ್‌ನಲ್ಲಿ ಆ ತೊಂದರೆ ಇಲ್ಲ. ತಂತಿಯ ಗುಂಡು ತುದಿ ಬ್ರಿಡ್ಜ್ ಕೆಳಗಿನ ಲೋಹದ ಬ್ಲಾಕ್‌ಗೆ ತಾಗಿರುತ್ತದೆ. ಅಲ್ಲಿಂದ ಸ್ಪ್ರಿಂಗ್, ಸ್ಪ್ರಿಂಗ್ ಹಿಡಿದಿರುವ ಕೊಕ್ಕೆ, ಅದಕ್ಕೆ ಬೆಸುಗೆ ಹಾಕಿದ ಅರ್ತ್ ವೈರ್. ದಾರಿ ತಪ್ಪುವುದಿಲ್ಲ.

ಹಾಕುವ ಕೆಲಸ ಒಂದು ಮಧ್ಯಾಹ್ನದ್ದು. ಒಂದೊಂದೇ ತಂತಿ ಬಿಚ್ಚಿ, ಒಂದೊಂದೇ ಸ್ಯಾಡಲ್ ಬದಲಿಸಿ. ಎಲ್ಲಾ ಒಟ್ಟಿಗೆ ಬಿಚ್ಚಿದರೆ ತೇಲುವ ಬ್ರಿಡ್ಜ್ ಒಳಗಿನ ಸ್ಪ್ರಿಂಗ್ ಎಳೆತಕ್ಕೆ ಹಿಂದಕ್ಕೆ ಮಲಗಿಬಿಡುತ್ತದೆ. ಹಿಂದಿನ ಉದ್ದ ಸ್ಕ್ರೂ ತೆಗೆಯುವಾಗ ಸಣ್ಣ ಸ್ಪ್ರಿಂಗ್ ಹಾರುತ್ತದೆ, ಕೆಳಗೆ ಬಟ್ಟೆ ಹಾಸಿಕೊಳ್ಳಿ. ಮಕ್ಕಳನ್ನು ಹೊರಗೆ ಆಡಲು ಕಳಿಸಿ. ಆಮೇಲೆ ಹೊಸ ತಂತಿ ಹಾಕಿ, 17ನೇ ಫ್ರೆಟ್ (ಕುತ್ತಿಗೆ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ತಂತಿಯ ಎತ್ತರ 1.6 ಮಿ.ಮೀ.ಗೆ ತಂದೆ. ಫೆಂಡರ್ ಹೇಳುವ ಅಳತೆ ಅದು, ನನ್ನ ಕೈಗೂ ಅದೇ ಹಿತ.

ತಾಳ್ಮೆ ಬೇಕಾಗಿದ್ದು ಇಂಟೊನೇಷನ್‌ಗೆ, ಅಂದರೆ ಕುತ್ತಿಗೆಯ ಉದ್ದಕ್ಕೂ ಸ್ವರ ಸರಿಯಾಗಿ ಬರುವಂತೆ ಸ್ಯಾಡಲ್ ಹಿಂದೆ ಮುಂದೆ ಸರಿಸುವುದಕ್ಕೆ. 12ನೇ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ ಬರೀ ಮುಟ್ಟಿ ಹಾರ್ಮೋನಿಕ್ ಬಾರಿಸಿ, ಶ್ರುತಿ ತೋರಿಸುವ ಟ್ಯೂನರ್ ನೋಡಿ. ಅದೇ ಫ್ರೆಟ್ ಒತ್ತಿ ಮತ್ತೆ ನೋಡಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಪ್ರತಿ ಸಲ ಸರಿಸಿದ ಮೇಲೂ ಮತ್ತೆ ಶ್ರುತಿ ಮಾಡಲೇಬೇಕು. ಆರನೇ ತಂತಿಯ ಸ್ಯಾಡಲ್ ಎಲ್ಲಕ್ಕಿಂತ ಹಿಂದೆ ಹೋಗಿ ನಿಂತಿತು. ನೋಡೋಕೆ ಸೊಟ್ಟ, ಕೇಳೋಕೆ ನೇರ.

ಇನ್ನು ಸೌಂಡ್. ಆಂಪ್ ಇಲ್ಲದೆ ಬಾರಿಸಿದರೆ ತಂತಿಯ ಕಿಣಿಕಿಣಿ ಒಂದಿಷ್ಟು ತಗ್ಗಿದೆ. ನನಗೆ ಗೊತ್ತಾಗುತ್ತೆ. ಸ್ಟೇಜ್ ಮೇಲೆ ಪಕ್ಕದಲ್ಲೇ ನಿಲ್ಲುವ ಕೀಬೋರ್ಡ್ ಹುಡುಗನಿಗೆ ಗೊತ್ತಾಗಲಿಲ್ಲ. "ಅಣ್ಣಾ, ಕಪ್ಪು ಬಣ್ಣ ಹೊಡ್ಸಿದ್ರಾ?" ಅಂದ, ಅಷ್ಟೇ. ಕ್ರೋಮ್ ಬ್ರಿಡ್ಜ್ ಮೇಲೆ ಆ ಕಪ್ಪು ಚೆನ್ನಾಗಿ ಕಾಣಲ್ಲ, ಅದಂತೂ ಒಪ್ಪಬೇಕು. ಆದರೆ ಹಳೇ ಸ್ಕ್ರೂಗಳ ತುದಿ ಮೇಲಕ್ಕೆ ಚಾಚಿ ಅಂಗೈಗೆ ಚುಚ್ಚುತ್ತಿದ್ದವು. ಈಗ ಬ್ರಿಡ್ಜ್ ಮೇಲೆ ಕೈ ಊರಿ ಮ್ಯೂಟ್ ಮಾಡೋದು ಆರಾಮ. ಇದನ್ನು ಯಾವ ಜಾಹೀರಾತೂ ಹೇಳಿರಲಿಲ್ಲ, ನನಗೆ ಇದೇ ದೊಡ್ಡ ಲಾಭ.

ಮನೆಯಲ್ಲಿ ಕೂತು ಕಲಿಯುತ್ತಿರುವವರಿಗೆ ಇದು ಬೇಡ. ಬೆವರುವ ಕೈ, ಗಟ್ಟಿ ಸ್ಟ್ರಮ್ಮಿಂಗ್, ವಾರಕ್ಕೊಂದು ಪ್ರೋಗ್ರಾಂ ಇರುವವರು ತಗೊಳ್ಳಿ. ಬ್ಯಾಗಿನಲ್ಲಿ ಒಂದು ಮೊದಲನೇ ತಂತಿ, 1.5 ಮಿ.ಮೀ. ಅಲೆನ್ ಕೀ ಮಾತ್ರ ಆಗಲೂ ಇರಲಿ.